ಟೀಕೆಯು ಉಳಿಸಿದ ಸೂತ್ರಪಾಠ

ಹುನಗುಂದ ಸೀಮೆಯ ಐಹೊಳೆಯಲ್ಲಿ ರವಿಕೀರ್ತಿಯ ಪ್ರಶಸ್ತಿಯು ಶಕ 556ರಿಂದ (ಕ್ರಿ.ಶ. 634) ಮೇಗುಟಿಯ ಗೋಡೆಯಲ್ಲಿಯೇ ಇದೆ. ಅದರ ಒಂದಕ್ಷರದಲ್ಲಿ ಸಂದೇಹ ಬಂದರೆ ಶೋಧಕನು ಮೂಲದ ಕಲ್ಲನ್ನೇ ಮತ್ತೆ ನೋಡಬಹುದು. ಆಗಮಗ್ರಂಥಗಳಿಗೆ ಈ ಸೌಲಭ್ಯವಿಲ್ಲ. ಅಲ್ಲಿ ಉಳಿದಿರುವುದು ಪ್ರತಿಯ ಪ್ರತಿ, ಅದರೊಡನೆ ಟೀಕೆ. ಮೂಲದ ಪಾಠನಿರ್ಣಯದಲ್ಲಿ ಟೀಕೆಗೆ ಎಷ್ಟು ಪ್ರಾಮಾಣ್ಯ ಸಲ್ಲಬೇಕೆಂಬುದಕ್ಕೆ ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರವು ಒಳ್ಳೆಯ ನಿದರ್ಶನ.

ಮನುಷ್ಯಿಣಿಯರು ಯಾವ ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರೇ ಆಗಿರುವರೆಂಬುದು ಆ ಸೂತ್ರದ ವಿಷಯ. 1939ರಲ್ಲಿ ಡಾ. ಹೀರಾಲಾಲ ಜೈನರು ಧವಲಾ ಟೀಕೆಯ ಮೊದಲ ಸಂಪುಟವನ್ನು ಪ್ರಕಟಿಸಿದಾಗ, ಅವರಿಗೆ ದೊರೆತ ನಾಗರೀ ಪ್ರತಿಗಳಲ್ಲಿ ಗುಣಸ್ಥಾನಗಳ ಹೆಸರುಗಳು ಸಂಯತಾಸಂಯತಕ್ಕೇ, ಅಂದರೆ ಐದನೆಯದಕ್ಕೇ, ನಿಂತಿದ್ದವು. ಸಂಪಾದಕರು ಸೂತ್ರವನ್ನು ತಿದ್ದಲಿಲ್ಲ. ಇಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋದಂತೆ ತೋರುತ್ತದೆ ಎಂದು ಅಡಿಯಲ್ಲಿ ಸೂಚಿಸಿದರು. ಈ ಸಂಯಮ ಮೆಚ್ಚತಕ್ಕದ್ದು.

ಸೂಚನೆಗೆ ಆಧಾರ ವೀರಸೇನಾಚಾರ್ಯರ ಟೀಕೆಯೇ. ಈ ಆರ್ಷವಚನದಿಂದಲೇ ದ್ರವ್ಯಸ್ತ್ರೀಯರಿಗೆ ಮುಕ್ತಿ ಸಿದ್ಧಿಸುವುದಲ್ಲವೆ ಎಂದು ಅವರು ಪೂರ್ವಪಕ್ಷವನ್ನು ಎತ್ತಿ, ವಸ್ತ್ರಸಹಿತರಲ್ಲಿ ಸಂಯಮ ಉಪಪನ್ನವಾಗದೆಂದು ನಿರಾಕರಿಸುತ್ತಾರೆ. ಹದಿನಾಲ್ಕು ಗುಣಸ್ಥಾನಗಳನ್ನು ಹೇಳಿರುವುದು ಹೇಗೆಂದರೆ, ಭಾವಸ್ತ್ರೀವೇದವುಳ್ಳ ಮನುಷ್ಯಗತಿಯ ಅಪೇಕ್ಷೆಯಿಂದ ಎಂದು ಸಮಾಧಾನ. ಸೂತ್ರವು ಐದನೆಯ ಗುಣಸ್ಥಾನಕ್ಕೇ ಮುಗಿದಿದ್ದರೆ ಮುಕ್ತಿಯ ಶಂಕೆಗೆ ಅಲ್ಲಿ ಎಡೆಯೆಲ್ಲಿ? ಇಲ್ಲದ ಪದಕ್ಕೆ ಯಾರೂ ಸಮಾಧಾನ ಹೇಳುವುದಿಲ್ಲ.

ಆದರೂ ಈ ಸೂತ್ರ ದ್ರವ್ಯಸ್ತ್ರೀಪರವಾದುದು, ‘ಸಂಜದ’ವನ್ನು ಸೇರಿಸಿದರೆ ಸ್ತ್ರೀಮುಕ್ತಿವಾದಕ್ಕೆ ಬಾಗಿಲು ತೆರೆದಂತೆ ಎಂದು ಕೆಲವು ಪಂಡಿತರು ವಾದಿಸಿದರು. ಯಾಪನೀಯರೂ ಶ್ವೇತಾಂಬರರೂ ಒಪ್ಪಿದ, ದಿಗಂಬರಾಮ್ನಾಯವು ಒಪ್ಪದ ವಿಷಯವಾದ್ದರಿಂದ ಈ ಆತಂಕ ಅಸಹಜವಲ್ಲ. ಆಗಮವನ್ನು ತಾಮ್ರಪತ್ರಗಳಲ್ಲಿ ಕೆತ್ತಿಸುವ ಸಂದರ್ಭದಲ್ಲಿಯೂ ಈ ವಾದ ನಡೆಯಿತು. ಆದರೆ ಸಿದ್ಧಾಂತದ ರಕ್ಷಣೆಯನ್ನು ವೀರಸೇನರು ಪದವನ್ನು ಇಟ್ಟುಕೊಂಡೇ ಮಾಡಿದ್ದರು. ಪದವನ್ನು ತೆಗೆದವರು ಅವರ ಸಮಾಧಾನವನ್ನೇ ನಿರರ್ಥಕಗೊಳಿಸಿದರು. ಮುಂದೆ ಮೂಡಬಿದಿರೆಯ ಹಳಗನ್ನಡ ಲಿಪಿಯ ತಾಡವೋಲೆಯನ್ನು ನೋಡಿಸಿದಾಗ ‘ಸಂಜದ’ ಅಲ್ಲಿ ಇದ್ದೇ ಇತ್ತು. ‘ಸಂಜದಾಸಂಜದ’ದ ಬೆನ್ನಿಗೇ ಮತ್ತೊಂದು ‘ಸಂಜದ’ ಬಂದರೆ ಲಿಪಿಕಾರನ ಕಣ್ಣು ಜಾರುವುದು ಸುಲಭ.

ಯಹೂದ್ಯರ ಪ್ರವಾದಿಗ್ರಂಥಗಳಲ್ಲಿಯೂ ಇದಕ್ಕೆ ಹತ್ತಿರದ ಪ್ರಸಂಗವೊಂದುಂಟು. 1947ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ದೊರೆತ ಸುರುಳಿಗಳಲ್ಲಿ ಹಬಕ್ಕೂಕನ ಗ್ರಂಥಕ್ಕೆ ಬರೆದ ‘ಪೆಶೆರ್’ ಎಂಬ ವ್ಯಾಖ್ಯಾನವೂ ಇದೆ. 2ನೆಯ ಅಧ್ಯಾಯದ 16ನೆಯ ವಚನದಲ್ಲಿ ಅದು ಉದ್ಧರಿಸುವ ಮೂಲಪದಕ್ಕೆ ‘ತತ್ತರಿಸು’ ಎಂದರ್ಥ. ಪರಂಪರೆಯ ಹೀಬ್ರೂ ಪಾಠದಲ್ಲಿ ಅವೇ ಅಕ್ಷರಗಳು ಸ್ಥಾನ ಬದಲಿಸಿ ಸುನ್ನತಿಯಾಗದಿರುವಿಕೆಯನ್ನು ಹೇಳುತ್ತವೆ. ವ್ಯಾಖ್ಯಾನವಾದರೋ ಹೃದಯದ ಸುನ್ನತಿ ಮಾಡಿಕೊಳ್ಳದ ಯಾಜಕನನ್ನು ಕುರಿತು ಮಾತಾಡುತ್ತದೆ. ತಾನು ಉದ್ಧರಿಸದ ಪಾಠವೂ ವ್ಯಾಖ್ಯಾನಕಾರನಿಗೆ ತಿಳಿದಿತ್ತೆನ್ನಬೇಕು. ಎರಡರಲ್ಲಿ ಮೂಲ ಯಾವುದೆಂಬುದು ಅಷ್ಟರಿಂದಲೇ ತೀರ್ಮಾನವಾಗದು.

ಈ ಮಿತಿ ಧವಲೆಗೂ ಅನ್ವಯಿಸುತ್ತದೆ. ಟೀಕೆಯು ಸಾಕ್ಷಿ ನುಡಿಯುವುದು ಅದು ಮುಗಿದ ಶಕ 738ರ (ಕ್ರಿ.ಶ. 816) ಹೊತ್ತಿಗೆ ವೀರಸೇನರ ಮುಂದಿದ್ದ ಪಾಠಕ್ಕೆ, ಪುಷ್ಪದಂತಾಚಾರ್ಯರ ಕಾಲ ಅದಕ್ಕಿಂತ ಬಹು ಹಿಂದಿನದು. ಆದರೆ ಇಲ್ಲಿ ಓಲೆಯೂ ಟೀಕೆಯೂ ಒಂದೇ ಮಾತನ್ನು ಹೇಳುತ್ತಿರುವುದರಿಂದ ‘ಸಂಜದ’ವು ಸೂತ್ರದೊಳಗೇ ಅಚ್ಚಾಗಬೇಕು, ನಾಗರೀ ಪ್ರತಿಗಳ ಲೋಪವು ಅಡಿಟಿಪ್ಪಣಿಗೆ ಹೋಗಬೇಕು.