ಅವಳಿ ಬೇಕು, ಕುಳ್ಳುತನ ಬೇಡ
ನವಶಿಲಾಯುಗದ ದನಗಾಹಿಗಳು ಬೂದಿಗುಡ್ಡ ಬಿಟ್ಟುಹೋದ ಬಳ್ಳಾರಿ ಬಳಿಯ ಕುಡತಿನಿ ಸೀಮೆಯಲ್ಲಿ ಇಂದಿಗೂ ಕುರಿಮಂದೆಗಳು ಮೇಯುತ್ತವೆ. ಇಲ್ಲಿನ ಬಳ್ಳಾರಿ ತಳಿಯದು ಕಂಬಳಿಯ ಒರಟು ಉಣ್ಣೆ, ಹೆಚ್ಚಾಗಿ ಸೂಲಿಗೊಂದೇ ಮರಿ. ದಖ್ಖನ್ನಿನ ಇಂಥ ಕುರಿಗಳಿಗಾಗಿ ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಮಾಡಿದ ಕೆಲಸ ನನಗೆ ಬಲು ಮೆಚ್ಚು. ಅವಳಿ ಹಾಕಿಸುವ ವಂಶವಾಹಿ ಇದ್ದದ್ದು ಸುಂದರಬನದ ಗರೋಲ್ ಎಂಬ ಕುಳ್ಳ ಕುರಿಯಲ್ಲಿ. ಬೇಕಾದ್ದು ಆ ಒಂದೇ ಗುಣ, ಕುಳ್ಳುತನವಲ್ಲ. ಅದಕ್ಕೇ ಪೀಳಿಗೆ ಪೀಳಿಗೆಗೂ ದೊಡ್ಡ ಮೈಯ ದಖ್ಖನಿ ಕುರಿಗೆ ಮರಳಿ ಕೂಡಿಸಿ, ಅವಳಿ ಗುಣ ಉಳಿಸಿಕೊಂಡ ಮರಿಗಳನ್ನಷ್ಟೇ ಆರಿಸುತ್ತ ಹೋದರು. ಎಂಥ ತಾಳ್ಮೆ! 2001ರಲ್ಲಿ ಅವಳಿ ಹಾಕಿಸುವ ಈ ವಂಶವಾಹಿಯ ಫೆಕ್‌ಬಿ ಎಂಬ ರೂಪಾಂತರ ಪತ್ತೆಯಾದ ಮೇಲೆ ರಕ್ತಪರೀಕ್ಷೆಯಿಂದಲೇ ಟಗರು ಆರಿಸಬಹುದಾಯಿತು. ತಂದೆ ಅಥವಾ ತಾಯಿಯಿಂದ ಅದರ ಒಂದು ಪ್ರತಿ ಬಂದರೂ ಅವಳಿ ಹೆಚ್ಚುತ್ತವೆ. ಹೀಗೆ ರೂಪುಗೊಂಡ ನಾರಿ ಸುವರ್ಣ ಎಂಬ ತಳಿ ಕರ್ನಾಟಕದ ಹಟ್ಟಿಗಳಿಗೂ ಬಂದಿದೆ. ಎರಡು ಮರಿಗೆ ಹಾಲು ಸಾಲಬೇಕಾದರೆ ತಾಯಿಗೆ ಹಿಂಡಿ, ಮೇವು ಹೆಚ್ಚಿಗೆ ಹಾಕಬೇಕು.