ತಣ್ಣನೆ ಬಿಲ್ಲೆಯ ಬಿಸಿ ಬೆನ್ನು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಪೆಲ್ಟಿಯರ್’ ಕೊಡಿ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಟಿಇಸಿ1-12706 ಎಂಬ ಬಿಳಿ ಪಿಂಗಾಣಿ ಬಿಲ್ಲೆ. ವಿದ್ಯುತ್ ಹರಿಸಿದರೆ ಇದರ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. 40 ಮಿಲಿಮೀಟರ್ ಚೌಕ, ದಪ್ಪ 4 ಮಿಲಿಮೀಟರಿಗೂ ಒಂದಿಷ್ಟು ಕಡಿಮೆ, ಒಳಗೆ ಬಿಸ್ಮತ್ ಟೆಲ್ಯುರೈಡಿನ 127 ಜೋಡಿ ಕಾಲುಗಳು. ಇದಕ್ಕೆ ಹಳೆಯ ಕಂಪ್ಯೂಟರಿಗೆ ವಿದ್ಯುತ್ ಒದಗಿಸುತ್ತಿದ್ದ ಎಸ್‌ಎಂಪಿಎಸ್ ಡಬ್ಬಿ, ಪ್ರೊಸೆಸರ್ ಮೇಲಿದ್ದ ಹೀಟ್ ಸಿಂಕ್, ಒಂದು ಫ್ಯಾನು, ಒಂದು ಥರ್ಮೋಕೋಲ್ ಪೆಟ್ಟಿಗೆ ಸೇರಿದರೆ ಮನೆಯಲ್ಲೇ ಮಾಡಿದ ಪುಟ್ಟ ಫ್ರಿಜ್ಜು. ಗ್ಯಾಸಿಲ್ಲ, ಕಂಪ್ರೆಸರಿಲ್ಲ, ಬಿಲ್ಲೆಯಲ್ಲಿ ಅಲುಗಾಡುವ ಭಾಗವೇ ಇಲ್ಲ. ನನಗೆ ಬಹಳ ಪ್ರಿಯವಾದ ಕಸುಬು ಇದು. ಆದರೆ ಇದನ್ನು ಕಟ್ಟುವ ರೂಢಿಯಲ್ಲಿ ಒಂದು ಮೂಲಭೂತ ತಪ್ಪು ನೆಲೆಯೂರಿದೆ.

ಗಡಿಯಾರದ ಕಸುಬು ಬಿಟ್ಟು ಭೌತವಿಜ್ಞಾನಕ್ಕೆ ಬಂದ ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಇದನ್ನು ಮೊದಲು ಗಮನಿಸಿದ: ಎರಡು ಬೇರೆ ಲೋಹಗಳ ಬೆಸುಗೆಯಲ್ಲಿ ವಿದ್ಯುತ್ ಹರಿದರೆ ಬೆಸುಗೆ ಒಂದು ದಿಕ್ಕಿನಲ್ಲಿ ಬಿಸಿಯಾಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ತಣ್ಣಗಾಗುತ್ತದೆ. 1838ರಲ್ಲಿ ರಷ್ಯದ ವಿಜ್ಞಾನಿ ಲೆನ್ಝ್ ಬಿಸ್ಮತ್-ಆಂಟಿಮನಿ ಬೆಸುಗೆಯ ಮೇಲೆ ನೀರಿನ ಹನಿಯಿಟ್ಟು ಮಂಜುಗಡ್ಡೆ ಮಾಡಿದ. ವಿದ್ಯುತ್ತಿನ ದಿಕ್ಕು ತಿರುಗಿಸಿ ಅದನ್ನೇ ಕರಗಿಸಿದ. ಇದೇ ತತ್ವದ ಮೇಲೆ ನಡೆಯುವ ಬಿಲ್ಲೆ ಶಾಖವನ್ನು ಇಲ್ಲವಾಗಿಸುವುದಿಲ್ಲ, ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಸಾಗಿಸುತ್ತದೆ ಅಷ್ಟೆ. ಆ ಸಾಗಾಣಿಕೆಗೆ ಖರ್ಚಾದ ವಿದ್ಯುತ್ತು ಕೂಡ ಶಾಖವಾಗಿ ಬಿಸಿ ಮುಖದ ಮೇಲೆಯೇ ಬಂದು ಬೀಳುತ್ತದೆ.

ಕಟ್ಟುವವರ ಕಣ್ಣೆಲ್ಲ ಇಬ್ಬನಿ ಮೂಡುವ ತಣ್ಣನೆ ಮುಖದ ಮೇಲೆ. ಬಿಲ್ಲೆಯನ್ನು ಎಸ್‌ಎಂಪಿಎಸ್‌ನ ಹಳದಿ ತಂತಿಗೆ, ಅಂದರೆ 12 ವೋಲ್ಟಿಗೆ, ನೇರ ಕಟ್ಟಿಬಿಡುತ್ತಾರೆ. ನಾನೂ ಮೊದಲ ಪೆಟ್ಟಿಗೆಯಲ್ಲಿ ಮಾಡಿದ್ದು ಅದನ್ನೇ. ಆಮೇಲೆ ಲೆಕ್ಕ ಹಾಕಿದೆ. ಕೋಣೆ 28 ಡಿಗ್ರಿ, ತಣ್ಣನೆ ಮುಖ 5 ಡಿಗ್ರಿ ಎಂದಿಟ್ಟುಕೊಂಡರೆ ಬಿಲ್ಲೆ ನುಂಗುವುದು 58 ವ್ಯಾಟಿನಷ್ಟು, ಎತ್ತುವ ಶಾಖ ಬರೀ 20 ವ್ಯಾಟಿನ ಆಸುಪಾಸು. ಎರಡೂ ಸೇರಿ ಸುಮಾರು 80 ವ್ಯಾಟನ್ನು ಹೀಟ್ ಸಿಂಕ್ ಹೊರಹಾಕಬೇಕು. ಸಾಧಾರಣ ಪ್ರೊಸೆಸರಿನ ಜೊತೆ ಬರುವ ಅಲ್ಯುಮಿನಿಯಂ ಸಿಂಕಿಗೆ ಇದು ಮೀರಿದ ಹೊರೆ. ಅದು ಸೋತಂತೆಲ್ಲ ಬಿಸಿ ಮುಖ ಏರುತ್ತದೆ, ಅದರ ಹಿಂದೆಯೇ ತಣ್ಣನೆ ಮುಖವೂ ಏರುತ್ತದೆ. ಹತ್ತು ನಿಮಿಷಕ್ಕೆ ಕಂಡ ಇಬ್ಬನಿ ಅರ್ಧ ಗಂಟೆಗೆ ಆರಿಹೋಗುವುದು ಇದರಿಂದಲೇ.

12 ವೋಲ್ಟಿನಲ್ಲಿ ಖರ್ಚು ಇಷ್ಟು ಹೆಚ್ಚಿ ತಂಪು ಇಷ್ಟು ಕಡಿಮೆಯಾಗಲು ಕಾರಣ ಸರಳ. ಎತ್ತುವ ಶಾಖ ಕರೆಂಟಿನ ಪ್ರಮಾಣದಲ್ಲಷ್ಟೇ ಏರುತ್ತದೆ. ಬಿಲ್ಲೆಯೊಳಗೇ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಏರುತ್ತದೆ, ಅದರಲ್ಲಿ ಅರ್ಧ ತಣ್ಣನೆ ಮುಖಕ್ಕೇ ಮರಳುತ್ತದೆ. ಹಳದಿ ಬಿಟ್ಟು ಅದೇ ಎಸ್‌ಎಂಪಿಎಸ್‌ನ 5 ವೋಲ್ಟಿನ ಕೆಂಪು ತಂತಿ ಹಿಡಿದರೆ ಖರ್ಚು 9 ವ್ಯಾಟಿಗೆ ಇಳಿಯುತ್ತದೆ, ಎತ್ತುವ ಶಾಖ 8 ವ್ಯಾಟಿನಷ್ಟಿರುತ್ತದೆ. ಇನ್ನೂ ಬೇಕೆಂದರೆ ಎರಡು ಬಿಲ್ಲೆಗಳನ್ನು ಸರಣಿಯಲ್ಲಿ ಕಟ್ಟಿ 12 ವೋಲ್ಟ್ ಕೊಡಿ, ಒಂದೊಂದಕ್ಕೆ 6 ಬರುತ್ತದೆ. 12 ವೋಲ್ಟಿಗೆ ಕಟ್ಟಿದ ಒಂದೇ ಬಿಲ್ಲೆಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಅಷ್ಟೇ ತಂಪು. ಇಂಥ ಜೋಡಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

8 ವ್ಯಾಟಿನಲ್ಲಿ ಏನಾದೀತು ಎಂದು ಮೂಗುಮುರಿಯಬೇಡಿ. 10 ಲೀಟರಿನ ಪೆಟ್ಟಿಗೆಗೆ 4 ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಗೋಡೆಯಿದ್ದರೆ, 23 ಡಿಗ್ರಿ ಅಂತರಕ್ಕೆ ಒಳಗೆ ನುಸುಳುವುದು ಸುಮಾರು 6 ವ್ಯಾಟ್. ಇಷ್ಟಾದರೂ ಥರ್ಮೋಸ್ಟಾಟ್ ಇಟ್ಟು ಬಿಲ್ಲೆಯನ್ನು ಆರಿಸಿ ಹೊತ್ತಿಸುವವರಿದ್ದಾರೆ. ಆರಿದ ಬಿಲ್ಲೆ ಗೋಡೆಯಲ್ಲಿ ಕೊರೆದ ಕಿಂಡಿಯಂತೆ: ಆ ಪುಟ್ಟ ಪಿಂಗಾಣಿಯೊಂದರಿಂದಲೇ ಪೆಟ್ಟಿಗೆಯ ಎಲ್ಲ ಗೋಡೆಗಳಿಗಿಂತ ಹೆಚ್ಚು ಶಾಖ ಹಿಮ್ಮುಖವಾಗಿ ಹರಿಯುತ್ತದೆ. ಪೂರ್ತಿ ಆರಿಸದೆ ವೋಲ್ಟೇಜ್ ತಗ್ಗಿಸುವುದೇ ಸರಿ. ಬಿಲ್ಲೆಯ ಅಂಚಿಗೆ ಸಿಲಿಕೋನ್ ಬಳಿದಿಲ್ಲವಾದರೆ ಇಬ್ಬನಿ ಒಳಹೊಕ್ಕು ಕಾಲುಗಳನ್ನು ತಿನ್ನುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ ಉಳಿದಿರಬಹುದು.

ಈ ಬಿಲ್ಲೆಯನ್ನೇ ‘ಮನೆಯ ಎಸಿ’ ಎಂದು ಕಟ್ಟಿ ತೋರಿಸುವುದನ್ನು ಮಾತ್ರ ಒಪ್ಪಲಾರೆ. ಒಂದು ಟನ್ ಎಸಿ ಎತ್ತುವುದು ಸುಮಾರು 3,500 ವ್ಯಾಟ್, ಈ ಬಿಲ್ಲೆ ಬರೀ 20. ಸುಮ್ಮನೆ ಕುಳಿತ ಒಬ್ಬ ಮನುಷ್ಯನೇ ಸುಮಾರು 100 ವ್ಯಾಟ್ ಹೊರಬಿಡುತ್ತಾನೆ. ಬಿಸಿ ಬೆನ್ನು ಅದೇ ಕೋಣೆಯಲ್ಲಿದ್ದರೆ ತಂಪಾಗುವುದಿರಲಿ, 58 ವ್ಯಾಟಿನಷ್ಟು ಕೋಣೆ ಇನ್ನೂ ಕಾಯುತ್ತದೆ. ವಿಜ್ಞಾನ ಪ್ರದರ್ಶನದಲ್ಲಿ ಮುಂದಿನ ಫ್ಯಾನಿಗೆ ಮುಖವೊಡ್ಡಿ ‘ಆಹಾ’ ಎನ್ನುವ ಮಕ್ಕಳಿಗೆ ಈ ಅರ್ಧ ಸತ್ಯ ಕಲಿಸುವುದು ನನಗೆ ನೋವಿನ ಸಂಗತಿ. ಅವರ ಕೈ ಹಿಡಿದು ಹಿಂದಕ್ಕೆ ಕರೆದೊಯ್ದು, ಆ ಕಡೆಯ ಸಿಂಕಿನಿಂದ ಬೀಸುವ ಬಿಸಿ ಗಾಳಿಗೂ ಅಂಗೈ ಒಡ್ಡಿಸಬೇಕು.