ಮನೆಬಾಗಿಲಿಗೆ ಬಂದ ಚಿತ್ರಪಟಗಳು

ಹರಪನಹಳ್ಳಿ ಸೀಮೆಯ ಚಿಗಟೇರಿಯಲ್ಲಿ ನಾರದಮುನಿಗೆ ಗುಡಿಯುಂಟು. ಮೂರು ಲೋಕದ ವಾರ್ತೆಯನ್ನು ಮನೆಮನೆಗೆ ಮುಟ್ಟಿಸಿದವನೆಂದು ಪುರಾಣಗಳು ಹೊಗಳುವ ಮುನಿಯ ಊರಿಗೆ ಈಗ ಲೋಕದ ಕಥೆಗಳೆಲ್ಲ ತಾವಾಗಿಯೇ ಬಂದು ಮನೆಯ ಪಡಸಾಲೆಯಲ್ಲಿ ಕುಳಿತಿವೆ. ಟೂರಿಂಗ್ ಟಾಕೀಸಿನ ಡೇರೆ ಹೋಯಿತು. ವೀಡಿಯೋ ಕ್ಯಾಸೆಟ್ಟನ್ನು ಯಂತ್ರಸಮೇತ ಬಾಡಿಗೆಗೆ ತಂದು ಓಣಿಯವರೆಲ್ಲ ಒಂದೇ ರಾತ್ರಿಯಲ್ಲಿ ಮೂರು ಚಿತ್ರ ನೋಡುತ್ತಿದ್ದ ಕಾಲವೂ ಹೋಯಿತು. ಒಟಿಟಿ ಎಂಬ ಹೊಸ ವ್ಯವಸ್ಥೆಯಲ್ಲಿ ಚಂದಾ ಕೊಟ್ಟೋ ಬಿಡಿ ಬಾಡಿಗೆ ತೆತ್ತೋ ಗೃಹಸ್ಥನು ತನ್ನ ಚಿತ್ರವನ್ನು ತಾನೇ ಆರಿಸಿಕೊಳ್ಳಬೇಕಾಗಿದೆ. ಆರಿಸುವ ಸ್ವಾತಂತ್ರ್ಯವು ದೊರೆತಲ್ಲಿ ವಿವೇಚನೆಯ ಹೊಣೆಯೂ ಒದಗುವುದು ಸಹಜ.

ಚಿತ್ರಮಂದಿರಕ್ಕೂ ಮನೆಗೂ ಅಳತೆಗೋಲು ಒಂದೇ ಅಲ್ಲ. ಅಲ್ಲಿ ಕತ್ತಲೆ, ವಿಸ್ತಾರವಾದ ಪರದೆ, ನೂರಾರು ಜನರ ಉಸಿರು ಇವೆಲ್ಲ ಚಿತ್ರದ ಬೆನ್ನಿಗೆ ನಿಲ್ಲುತ್ತವೆ. ಮನೆಯಲ್ಲಿಯೋ ದೀಪ ಉರಿಯುತ್ತಿರುತ್ತದೆ, ಒಲೆಯ ಮೇಲೆ ಹಾಲು ಇರುತ್ತದೆ, ಮಗು ಅಳುತ್ತದೆ. ಈ ಎಲ್ಲ ವಿಘ್ನಗಳ ನಡುವೆಯೂ ಮನಸ್ಸನ್ನು ಮರಳಿ ಕರೆಯಬಲ್ಲ ಚಿತ್ರವೇ ಮನೆಯ ಚಿತ್ರ. ಬಯಲಾಟದ ಪ್ರೇಕ್ಷಕನು ಈ ಪರೀಕ್ಷೆಯನ್ನು ಹಿಂದೆಯೇ ಬಲ್ಲವನು. ಆಟ ಸಪ್ಪೆಯೆನಿಸಿದರೆ ಅವನು ಕಂಬಳಿ ಹೊದ್ದು ಅಲ್ಲಿಯೇ ಮಲಗುತ್ತಿದ್ದನು. ರಸವೇರಿದರೆ ಬೆಳಗಿನವರೆಗೂ ರೆಪ್ಪೆ ಮುಚ್ಚುತ್ತಿರಲಿಲ್ಲ.

2020ರಲ್ಲಿ ಮಹಾವ್ಯಾಧಿಯ ದೆಸೆಯಿಂದ ಚಿತ್ರಮಂದಿರಗಳು ಮುಚ್ಚಿದಾಗ, ಕೆಲವು ಕನ್ನಡ ಚಿತ್ರಗಳು ಅಮೆಜಾನ್ ಪ್ರೈಮ್ ವೀಡಿಯೋದ ಮೂಲಕ ನೇರವಾಗಿ ಮನೆಗೆ ಬಂದವು. ಜುಲೈ 17ರಂದು ಬಂದ ರಘು ಸಮರ್ಥರ 'ಲಾ' ಅವುಗಳಲ್ಲಿ ಮೊದಲನೆಯದು. ಅತ್ಯಾಚಾರಕ್ಕೀಡಾದ ಕಾನೂನು ಪದವೀಧರೆಯೊಬ್ಬಳು ತನ್ನ ಮೊಕದ್ದಮೆಯನ್ನು ತಾನೇ ವಾದಿಸುವ ವಸ್ತು ಗಂಭೀರವಾದುದು. ಮಾತಿನ ಬಲದಿಂದ ನಡೆಯುವ ನ್ಯಾಯಾಲಯದ ಕಥೆ ಮನೆಗೂ ಒಪ್ಪುವಂಥದು. ಆದರೆ ಚಿತ್ರವು ಆ ಹೆಣ್ಣಿನ ಅಂತರಂಗಕ್ಕಿಂತ ನೋಡುಗರ ಕುತೂಹಲವನ್ನೇ ಹೆಚ್ಚು ಪೋಷಿಸಿತು. ವೇದನೆ ಕಥೆಯ ಸಾಧನವಾಯಿತೇ ಹೊರತು ಕಥೆಯ ಜೀವವಾಗಲಿಲ್ಲ.

ಒಂದು ವಾರದ ತರುವಾಯ ಬಂದ ಪನ್ನಗಾಭರಣರ 'ಫ್ರೆಂಚ್ ಬಿರಿಯಾನಿ' ಹಾಸ್ಯಪ್ರಧಾನವಾದುದು. ಬೆಂಗಳೂರಿನ ಆಟೋ ಚಾಲಕನಾಗಿ ದಾನಿಶ್ ಸೇಠ್ ಲವಲವಿಕೆಯಿಂದ ನಟಿಸಿದ್ದಾರೆ. ಹಲವು ಭಾಷೆಗಳು ಬೆರೆತ ಪೇಟೆಯ ಮಾತಿನ ಸೊಗಸು ಅದರಲ್ಲಿದೆ. ಆದರೆ ಆ ಪೇಟೆಯನ್ನರಿಯದವನಿಗೆ ಅರ್ಧ ನಗೆ ಮಾತ್ರ ದಕ್ಕುತ್ತದೆ. ಅಕ್ಟೋಬರ್ 29ರಂದು ಬಂದ ಕಾರ್ತಿಕ್ ಸರಗೂರರ 'ಭೀಮಸೇನ ನಳಮಹಾರಾಜ'ವು ಪಾಕಶಾಸ್ತ್ರದಲ್ಲಿ ಹೆಸರಾದ ಇಬ್ಬರು ಪುರಾಣಪುರುಷರ ಹೆಸರನ್ನು ಹೊತ್ತ ಅಡುಗೆಯವನ ಕಥೆ. ಎಲ್ಲರೂ ಕೂಡಿ ನೋಡಲು ಸಂಕೋಚವಿಲ್ಲ, ಬಣ್ಣಕ್ಕೂ ಕೊರತೆಯಿಲ್ಲ. ಆದರೂ ಕರುಣರಸವನ್ನು ಒತ್ತಾಯದಿಂದ ಉಕ್ಕಿಸುವೆಡೆಗಳಲ್ಲಿ ಪಾಕ ಹದ ತಪ್ಪಿದೆ.

ಇವೆಲ್ಲಕ್ಕಿಂತ ಮೇಲಾದುದು ರೋಹಿತ್ ಪದಕಿಯವರ 'ರತ್ನನ್ ಪ್ರಪಂಚ' (22 ಅಕ್ಟೋಬರ್ 2021). ವಿಮೆಯ ಕೆಲಸದ ರತ್ನಾಕರನಿಗೆ ತಾನು ಸಾಕುಮಗನೆಂದು ತಿಳಿಯುತ್ತದೆ. ಹೆತ್ತವಳನ್ನು ಅರಸಿ ಹೊರಡುತ್ತಾನೆ. ಮಾತು ನಿಲ್ಲಿಸದೆ ಮಗನನ್ನು ರೇಗಿಸುವ ಸಾಕುತಾಯಿಯಾಗಿ ಉಮಾಶ್ರೀ, ತಾಳ್ಮೆಗೆಟ್ಟ ಮಗನಾಗಿ ಧನಂಜಯ ಇಬ್ಬರೂ ಪ್ರತಿಯೊಂದು ಮನೆಯಲ್ಲಿಯೂ ಕಾಣುವವರೇ. ಗದಗಿನ ಕಡೆಯ ಉಡಾಳ್ ಬಾಬುರಾವ್ ಆಗಿ ಪ್ರಮೋದ್ ಕಾಣಿಸಿಕೊಂಡಾಗ ಚಿತ್ರಕ್ಕೆ ಹೊಸ ಉಸಿರು ಬರುತ್ತದೆ. ಉತ್ತರ ಕರ್ನಾಟಕದ ನುಡಿಯನ್ನು ನಗೆಪಾಟಲಿನ ಸರಕಾಗಿಸಿದ ಚಿತ್ರಗಳು ಅನೇಕ; ಇಲ್ಲಿಯಾದರೋ ಅದು ಒಬ್ಬ ಮನುಷ್ಯನ ಪ್ರೀತಿಯ, ಮುಂಗೋಪದ ಸ್ವಂತ ಭಾಷೆ. ಪ್ರಯಾಣದ ಭಾಗ ಅಲ್ಲಲ್ಲಿ ಸಡಿಲವಾಗಿದೆಯೆಂಬುದು ದಿಟ. ಆದರೆ ಚಿತ್ರ ಮುಗಿದ ಮೇಲೆ ಮಗನೊಬ್ಬನು ಅಡುಗೆಮನೆಯ ಕಡೆಗೊಮ್ಮೆ ತಿರುಗಿ ನೋಡಿದರೆ, ಅದಕ್ಕಿಂತ ಹೆಚ್ಚಿನ ಫಲವನ್ನು ಮನೆಯ ಚಿತ್ರದಿಂದ ಬಯಸಬೇಕಾಗಿಲ್ಲ.

ಈ ನಾಲ್ಕೂ ಚಂದಾದಾರರಿಗೆ ದೊರೆತವು. ಬಿಡಿ ಬಾಡಿಗೆಯ ಪ್ರಸಿದ್ಧ ನಿದರ್ಶನ 'ಕೆ.ಜಿ.ಎಫ್. ಅಧ್ಯಾಯ 2'. ಏಪ್ರಿಲ್ 2022ರಲ್ಲಿ ಚಿತ್ರಮಂದಿರಗಳಲ್ಲಿ ಜಯಭೇರಿ ಹೊಡೆದ ಆ ಚಿತ್ರವನ್ನು ಮೇ ತಿಂಗಳಲ್ಲಿ 199 ರೂಪಾಯಿಗೆ ಬಾಡಿಗೆಗಿಟ್ಟರು. ನೋಡತೊಡಗಿದ ಮೇಲೆ 48 ಗಂಟೆಗಳೊಳಗೆ ಮುಗಿಸಬೇಕೆಂಬುದು ನಿಯಮ. ಜೂನ್ ತಿಂಗಳ ಮೊದಲಲ್ಲಿ ಅದೇ ಚಿತ್ರವು ಚಂದಾದಾರರಿಗೆ ಬಾಡಿಗೆಯಿಲ್ಲದೆಯೇ ದೊರೆಯಿತು. ಹಾಗಾಗಿ ಆ ಬೆಲೆ ಚಿತ್ರಕ್ಕಲ್ಲ, ಕೆಲವು ದಿನಗಳ ಆತುರಕ್ಕೆ. ಅಲ್ಲದೆ, ಆ ಚಿತ್ರದ ಶಕ್ತಿಯೇ ಗಾತ್ರ ಮತ್ತು ಗರ್ಜನೆ. ಪಡಸಾಲೆಯ ಸಣ್ಣ ಪರದೆಯಲ್ಲಿ ಗರ್ಜನೆ ಬರಿಯ ಸದ್ದಾಗುತ್ತದೆ. ಸಮುದ್ರವನ್ನು ತಂಬಿಗೆಯಲ್ಲಿ ತಂದಂತೆ.

ಹಾಗಾದರೆ ಹಣ ತೆರಬಾರದೇ? ತೆರಲೇಬೇಕು, ಎಲ್ಲಿಗೆಂಬುದೇ ಪ್ರಶ್ನೆ. ಕರಾವಳಿಯ ಬದುಕನ್ನು ಕುರಿತ ಏಳು ಕಥೆಗಳ 'ಏಕಂ' ಎಂಬ ಕನ್ನಡ ಸರಣಿಯನ್ನು ಕೊಳ್ಳಲು ದೊಡ್ಡ ಕಂಪನಿಗಳಾವುವೂ ಮುಂದಾಗಲಿಲ್ಲ. ಕೊನೆಗೆ ನಿರ್ಮಾಪಕ ರಕ್ಷಿತ್ ಶೆಟ್ಟಿಯವರು 13 ಜುಲೈ 2024ರಂದು ತಮ್ಮದೇ ಜಾಲತಾಣದಲ್ಲಿ ಅದನ್ನು 149 ರೂಪಾಯಿಗೆ ಬಿಡುಗಡೆ ಮಾಡಬೇಕಾಯಿತು. ಕನ್ನಡಕ್ಕೆ ನೋಡುವವರಿಲ್ಲವೆಂಬ ಲೆಕ್ಕವನ್ನು ವರ್ತಕರು ಗೃಹಸ್ಥರ ಮೌನದಿಂದಲೇ ಕಲಿಯುತ್ತಾರೆ. ಹೇಗೂ ನಾಲ್ಕು ದಿನಕ್ಕೆ ಪುಕ್ಕಟೆಯಾಗುವ ಅಬ್ಬರಕ್ಕೆ ಕೊಡುವ ಹಣವನ್ನು, ಕೊಡದಿದ್ದರೆ ಇಲ್ಲವಾಗುವ ಕಥೆಗೆ ಕೊಟ್ಟರೆ ಆ ಲೆಕ್ಕ ತಿದ್ದಿತು.

ಬಾಡಿಗೆಯ ಹಣ ಅಲ್ಪ. ಸಂಸಾರವೆಲ್ಲ ಒಟ್ಟಿಗೆ ಕುಳಿತ ಸಂಜೆ ಅಮೂಲ್ಯ. ಮರುದಿನ ಊಟದ ಹೊತ್ತಿನಲ್ಲಿ ಮತ್ತೊಮ್ಮೆ ಮಾತಿಗೆ ಬರುವ ಚಿತ್ರವು ಎರಡಕ್ಕೂ ಯೋಗ್ಯವಾದುದು. ಉಳಿದವು ಎಷ್ಟೇ ಅಗ್ಗವಾದರೂ ದುಬಾರಿಯೇ.